ಡಿಸಿ ರಜೆ ಕೊಟ್ರಾ? ಸುದ್ದಿನೇ ನಮ್ಮ ಬೆನ್ನು ಬಿದ್ದಿರೋ ಕಾಲದಲ್ಲಿ ಸುದ್ದಿ ನೋಡೋದು ಹೆಂಗೆ

ಜುಲೈ ತಿಂಗಳು, ರಾತ್ರಿ ಒಂಬತ್ತೂವರೆ, ಹೊರಗೆ ಮಾತಾಡಿದ್ದು ಕೇಳದ ಹಂಗೆ ಮಳೆ, ಕರೆಂಟು ಸಾಯಂಕಾಲವೇ ಹೋಗಿದೆ, ಮೊಬೈಲಲ್ಲಿ ಉಳಿದಿರೋ ಚೂರು ಚಾರ್ಜಲ್ಲಿ ಉತ್ತರ ಕನ್ನಡದ ಅಷ್ಟೂ ಅಪ್ಪ ಅಮ್ಮಂದಿರು ಹುಡುಕ್ತಿರೋದು ಒಂದೇ ಸುದ್ದಿ: ನಾಳೆ ಡಿಸಿ ರಜೆ ಕೊಟ್ರಾ ಇಲ್ವಾ. ಅಷ್ಟೊತ್ತಿಗೆ ಯಾವುದೋ ಗ್ರೂಪಲ್ಲಿ ಜಿಲ್ಲಾಧಿಕಾರಿ ಕಚೇರಿ ಲೆಟರ್‌ಹೆಡ್ ಇರೋ ಒಂದು ಫೋಟೋ ಬರತ್ತೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯ್ಡಾ ತಾಲೂಕುಗಳ ಅಂಗನವಾಡಿ, ಶಾಲೆ, ಪಿಯು ಕಾಲೇಜಿಗೆ ರಜೆ. ಐದೇ ನಿಮಿಷದಲ್ಲಿ ಅದೇ ಫೋಟೋ ಸ್ಕೂಲ್ ಗ್ರೂಪು, ಊರಿನ ಗ್ರೂಪು, ಸಂಘದ ಗ್ರೂಪು, ಮಾವನ ಮನೆ ಕಡೆ ಗ್ರೂಪು ಎಲ್ಲದರಲ್ಲೂ ಬಂದು ಬೀಳತ್ತೆ, ನಾಲ್ಕು ಕಡೆಯಿಂದ ಬಂತು ಅಂದ್ಮೇಲೆ ನಿಜವೇ ಇರ್ಬೇಕು ಅಂತ ಯೂನಿಫಾರ್ಮ್ ಇಸ್ತ್ರಿ ಮಾಡೋದು ಬಿಟ್ಟು ಮಲ್ಗಿರ್ತೀವಿ. ಬೆಳಿಗ್ಗೆ ನೋಡಿದ್ರೆ ಸ್ಕೂಲ್ ವ್ಯಾನು ಬಂದು ಹಾರ್ನ್ ಹೊಡೀತಿದೆ.

ಆ ಫೋಟೋನ ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿ. ಹೋದ ವರ್ಷದ ಆದೇಶ ಆಗಿದ್ರೆ ಸಾವಿರ ಸಲ ಫಾರ್ವರ್ಡ್ ಆಗಿ ಆಗಿ ಅಕ್ಷರ ಎಲ್ಲಾ ಮಸುಕಾಗಿರತ್ತೆ, ಆದ್ರೆ ದಿನಾಂಕ ಮಾತ್ರ ಫಳಫಳ ಅಂತಿರತ್ತೆ, ಯಾಕಂದ್ರೆ ಅದನ್ನ ಯಾರೋ ಇವತ್ತು ಟೈಪ್ ಮಾಡಿ ಅಂಟಿಸಿದ್ದು. ತಾರೀಕು ತಿದ್ದಿದವ್ನು ಪಕ್ಕದಲ್ಲಿರೋ ವಾರ ತಿದ್ದೋಕೆ ಮರೆತಿರ್ತಾನೆ, ಕ್ಯಾಲೆಂಡರ್ ತೆಗೆದ್ರೆ ಸಿಕ್ಕಿಬೀಳ್ತಾನೆ. ಮೇಲೆ ಎಡಗಡೆ ಕಡತದ ನಂಬರ್ ಇರತ್ತಲ್ಲ, ಅದ್ರ ಕೊನೇಲಿರೋ ಇಸವಿ ಹಳೇದು. ಸಹಿ ಕೆಳಗೆ ಇರೋ ಹೆಸರಿನ ಸಾಹೇಬ್ರು ಟ್ರಾನ್ಸ್‌ಫರ್ ಆಗಿ ವರ್ಷ ಆಗಿರತ್ತೆ. ಮತ್ತೆ ಆ ನಾಲ್ಕು ಗ್ರೂಪು ಅಂದ್ವಲ್ಲ, ಅದು ನಾಲ್ಕು ಮೂಲ ಅಲ್ವೇ ಅಲ್ಲ, ಒಂದೇ ಫೋಟೋ ನಾಲ್ಕು ಬಾಗಿಲಿಂದ ಒಳಗೆ ಬಂದಿದ್ದು ಅಷ್ಟೇ. ಇಡೀ ಲೇಖನದಲ್ಲಿ ಇದೊಂದು ನೆನಪಿದ್ರೂ ನಂಗೆ ಸಮಾಧಾನ.

ಆ ರಜೆ ಫೋಟೋದಿಂದ ಯಾರಿಗೂ ದುಡ್ಡು ಬರಲ್ಲ, ಯಾವುದೋ ಹುಡುಗನ ಕಿತಾಪತಿ ಇರತ್ತೆ. ಆದ್ರೆ ಅದು ಓಡಾಡೋ ದಾರಿಯಲ್ಲೇ ಸಂಬಳ ಕೊಟ್ಟು ತಯಾರು ಮಾಡಿದ ಸುದ್ದಿನೂ ಓಡಾಡತ್ತೆ, ಅದ್ರ ಲೆಕ್ಕಾಚಾರ ಒಂದ್ಸಲ ಅರ್ಥ ಆದ್ರೆ ಮುಂದಿಂದೆಲ್ಲ ಸುಲಭ.

ಲೆಕ್ಕ ಹಳೇದು. 1833ರಲ್ಲಿ ನ್ಯೂಯಾರ್ಕಲ್ಲಿ ಬೆಂಜಮಿನ್ ಡೇ ಅನ್ನೋ ಪ್ರಿಂಟರ್ 'ದಿ ಸನ್' ಅಂತ ಪೇಪರ್ ಶುರು ಮಾಡಿದ. ಬೇರೆ ಪೇಪರ್‌ಗಳಿಗೆ ಆರು ಸೆಂಟ್ ಇದ್ದಾಗ ಇವ್ನು ಒಂದು ಸೆಂಟಿಗೆ ಮಾರಿದ. ಅಷ್ಟರಲ್ಲಿ ಖರ್ಚು ಹುಟ್ಟಲ್ಲ, ಆದ್ರೆ ಜಾಸ್ತಿ ಜನ ಓದ್ತಾರೆ, ಓದೋ ಜನರನ್ನ ತೋರಿಸಿ ಜಾಹೀರಾತು ತಗೊಳ್ಳೋದು. ಅಲ್ಲಿಂದ ಪೇಪರಿನ ನಿಜವಾದ ಗಿರಾಕಿ ಓದುಗ ಅಲ್ಲ, ಜಾಹೀರಾತು ಕೊಡೋನು ಅಂತಾಯ್ತು, ಓದುಗ ಮಾರಾಟದ ಸರಕಾದ. ಜಾಸ್ತಿ ಜನ ಬೇಕಲ್ಲ, ಅದಕ್ಕೆ 1835ರಲ್ಲಿ ಅದೇ ಪೇಪರು ಚಂದ್ರನ ಮೇಲೆ ಬಾವಲಿ ರೆಕ್ಕೆ ಇರೋ ಮನುಷ್ಯರು ಓಡಾಡ್ತಿದಾರೆ, ದೊಡ್ಡ ಟೆಲಿಸ್ಕೋಪಲ್ಲಿ ಕಂಡ್ರು ಅಂತ ದಿನಾ ಕಂತು ಕಂತಾಗಿ ಬರೀತು, ಜನ ಮುಗಿಬಿದ್ದು ಓದಿದ್ರು. ಹರ್ಬರ್ಟ್ ಸೈಮನ್ ಅನ್ನೋ ಅರ್ಥಶಾಸ್ತ್ರಜ್ಞ 1971ರಲ್ಲೇ ಇದಕ್ಕೊಂದು ತತ್ವ ಹೇಳಿಟ್ಟಿದ್ದ, ಮಾಹಿತಿ ತಿನ್ನೋದು ಕೇಳೋರ ಗಮನವನ್ನ, ಹಂಗಾಗಿ ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬರಗಾಲ ಬರತ್ತೆ ಅಂತ. ಆಗಿನ್ನೂ ಇಂಟರ್ನೆಟ್ಟೂ ಇಲ್ಲ ಮೊಬೈಲೂ ಇಲ್ಲ.

ನಮ್ಮ ಕಡೆ ಗಮನಕ್ಕೆ ಬರಗಾಲ ಇರ್ಲಿಲ್ಲ, ಸುದ್ದಿಗೇ ಇತ್ತು. ಘಟ್ಟದ ಮೇಲಿನ ಹಳ್ಳಿಗಳಿಗೆ ಪೇಪರ್ ಬಂಡಲ್ ಬೆಳಗಿನ ಬಸ್ಸಲ್ಲಿ ಬರೋದು, ಬಸ್ಸು ಕೆಟ್ರೆ ಸುದ್ದಿನೂ ಕೆಟ್ಟ ಹಂಗೆ. ಸೊಸೈಟಿ ಕಟ್ಟೆ ಮೇಲೆ ಒಂದೇ ಪೇಪರನ್ನ ಹಾಳೆ ಬಿಡಿಸಿ ನಾಲ್ಕು ಜನ ಓದೋದು, ಓದಿ ಕವಳ ಹಾಕ್ಕೊಂಡು ಒಂದಷ್ಟು ಹೊತ್ತು ಜಗಳ ಆಡೋದು, ಮುಗೀತು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಹತ್ತು ನಿಮಿಷ, 'ಇಲ್ಲಿಗೆ ವಾರ್ತಾಪ್ರಸಾರ ಮುಕ್ತಾಯವಾಯಿತು' ಅಂದ್ಮೇಲೆ ಎದ್ದು ತೋಟಕ್ಕೆ ಹೋಗೋದು. ಹಳೇದೆಲ್ಲ ಚೆನ್ನಾಗಿತ್ತು ಅಂತ ಹೇಳೋಕೆ ಹೊರಟಿಲ್ಲ ನಾನು, ಆಗ ಎಷ್ಟೋ ವಿಷ್ಯ ನಮ್ಮ ತನಕ ಬರ್ತಾನೇ ಇರ್ಲಿಲ್ಲ. ಆದ್ರೆ ಸುದ್ದಿಗೆ ಒಂದು ಕೊನೆ ಇತ್ತು, ಇದು ಮಾತ್ರ ನಿಜ. ಈಗಿನ ಫೀಡಿಗೆ ತಳ ಅನ್ನೋದೇ ಇಲ್ಲ. ಪುಟ ಮುಗಿದ್ರೆ ಮುಂದಿನ ಪುಟ ಒತ್ತಬೇಕಿತ್ತಲ್ಲ ಮುಂಚೆ, ಆ ಒತ್ತೋ ಕೆಲ್ಸನೇ ತೆಗೆದು ತನ್ನಿಂತಾನೇ ಇಳೀತಾ ಹೋಗೋ ಹಂಗೆ 2006ರ ಸುಮಾರಿಗೆ ಮಾಡಿದ್ರು, ಅದರ ವಿನ್ಯಾಸ ಮಾಡಿದ ಏಜಾ ರಾಸ್ಕಿನ್ ಆಮೇಲೆ ತಾನೇ ಅದ್ರ ಬಗ್ಗೆ ಪಶ್ಚಾತ್ತಾಪ ಪಟ್ಟ. ಮುಂದಿನ ಪುಟ ಒತ್ತೋ ಮುಂಚೆ ಬರ್ತಿದ್ದ ಆ ಅರೆಕ್ಷಣ ಇತ್ತಲ್ಲ, ಸಾಕಪ್ಪ ಎದ್ದೇಳಣ ಅನ್ಸೋದು ಅಲ್ಲೇ, ಅದನ್ನೇ ಕಿತ್ತು ಹಾಕಿದ್ದು.

ಯೂಟ್ಯೂಬ್ ಸುದ್ದಿ ನೋಡೋರಿಗೆ ಒಂದು ಅನುಭವ ಇರತ್ತೆ. 'ಅಡಿಕೆ ಬೆಳೆಗಾರರಿಗೆ ಬಿಗ್ ಶಾಕ್!! ಇಂದು ಏನಾಯ್ತು ಗೊತ್ತಾ?' ಅಂತ ಟೈಟಲ್ಲು, ಮೇಲೆ ಕೆಂಪು ಬಾಣ. ಒತ್ತಿದ್ರೆ ಮೊದಲ ಎರಡು ನಿಮಿಷ ಅಡಿಕೆ ನಮ್ಮ ಸಂಸ್ಕೃತಿ ಅಂತ, ಆಮೇಲೆ ಕಳೆದ ವರ್ಷದ ದರ, ನಡುವೆ ಚಾನೆಲ್ ಸಬ್‌ಸ್ಕ್ರೈಬ್ ಆಗಿ ಅಂತ, ಕಡೇಲಿ ಎಂಟೂ ಮುಕ್ಕಾಲು ನಿಮಿಷಕ್ಕೆ ಗೊತ್ತಾಗತ್ತೆ, ರಾಶಿ ಅನ್ನೋ ಬಗೆಯ ಅಡಿಕೆ ರೇಟು ಸ್ವಲ್ಪ ಇಳಿದಿದೆ ಅಷ್ಟೇ. ಎರಡು ಸಾಲಿನ ಸುದ್ದಿ ಎಂಟು ನಿಮಿಷ ಯಾಕಾಯ್ತು ಅಂದ್ರೆ, ಯೂಟ್ಯೂಬಲ್ಲಿ ವಿಡಿಯೋ ಮಧ್ಯದಲ್ಲಿ ಜಾಹೀರಾತು ಹಾಕ್ಬೇಕು ಅಂದ್ರೆ ವಿಡಿಯೋ ಎಂಟು ನಿಮಿಷ ಆದ್ರೂ ಇರ್ಬೇಕು. 2020ರ ಜುಲೈಗಿಂತ ಮುಂಚೆ ಹತ್ತು ನಿಮಿಷ ಇತ್ತು, ಆಗ ಇವೇ ವಿಡಿಯೋಗಳು ಹತ್ತೂಕಾಲು ನಿಮಿಷ ಇರ್ತಿದ್ವು. ಅದ್ರ ಜೊತೆಗೆ 2012ರಿಂದ ಯೂಟ್ಯೂಬು ಎಷ್ಟು ಜನ ಒತ್ತಿದ್ರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದ್ರು ಅನ್ನೋದನ್ನ ಮುಖ್ಯ ಮಾಡ್ಕೊಳ್ತು, ಜಾಸ್ತಿ ಹೊತ್ತು ಹಿಡಿದಿಡೋ ವಿಡಿಯೋನ ಜಾಸ್ತಿ ಜನಕ್ಕೆ ತೋರಿಸತ್ತೆ. ಹಂಗಾಗಿ ಉತ್ತರವನ್ನ ಕೊನೆ ತನಕ ಬಚ್ಚಿಡೋದು ಆ ವಿಡಿಯೋ ಮಾಡಿದ ಹುಡುಗನ ಕೆಟ್ಟತನ ಅಲ್ಲ, ಅವ್ನ ಹೊಟ್ಟೆಪಾಡು. ನಂಗೆ ಅವ್ನ ಮೇಲೆ ಸಿಟ್ಟಿಲ್ಲ, ಆದ್ರೆ ನನ್ನ ಎಂಟು ನಿಮಿಷ ಅವ್ನಿಗೆ ಕೊಡೋಕೆ ಮನಸ್ಸೂ ಇಲ್ಲ. ಅಡಿಕೆ ಮಾರಾಟದ ಸಹಕಾರಿ ಸಂಘಗಳಿದಾವಲ್ಲ, ಟಿಎಸ್‌ಎಸ್ಸೋ ಟಿಎಂಎಸ್ಸೋ, ಅವ್ರ ಆ ದಿನದ ದರಪಟ್ಟಿ ನೋಡಿದ್ರೆ ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ ಎಷ್ಟು, ಕನಿಷ್ಠ ಗರಿಷ್ಠ ಎಲ್ಲಾ ಅರ್ಧ ನಿಮಿಷದಲ್ಲಿ ಸಿಗತ್ತೆ.

ಟೈಟಲ್ಲಲ್ಲಿ ಯಾವಾಗ್ಲೂ ಶಾಕು, ಆತಂಕ, ದುರಂತನೇ ಯಾಕೆ ಅನ್ನೋದಕ್ಕೂ ಲೆಕ್ಕ ಇದೆ. ಅಪ್‌ವರ್ದಿ ಅನ್ನೋ ಅಮೆರಿಕದ ವೆಬ್‌ಸೈಟು ಒಂದೇ ಸುದ್ದಿಗೆ ಬೇರೆ ಬೇರೆ ಹೆಡ್‌ಲೈನ್ ಕೊಟ್ಟು ಯಾವುದನ್ನ ಜನ ಒತ್ತುತಾರೆ ಅಂತ ಟೆಸ್ಟ್ ಮಾಡ್ತಿತ್ತು. ಆ ತರದ ಒಂದು ಲಕ್ಷಕ್ಕೂ ಮೇಲೆ ಹೆಡ್‌ಲೈನ್‌ಗಳನ್ನ ಸಂಶೋಧಕರು ತಗೊಂಡು ಲೆಕ್ಕ ಹಾಕಿದ್ರು, 2023ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಬಂತು. ಹೆಡ್‌ಲೈನಲ್ಲಿ ಒಂದು ನೆಗೆಟಿವ್ ಪದ ಹೆಚ್ಚಾದ್ರೆ ಒತ್ತೋರ ಪ್ರಮಾಣ ಶೇ 2.3ರಷ್ಟು ಏರತ್ತಂತೆ, ಖುಷಿ ಪದ ಸೇರಿಸಿದ್ರೆ ಇಳಿಯತ್ತೆ. 2.3 ಅಂದ್ರೆ ಸಣ್ಣದು ಅನ್ಸತ್ತೆ, ಆದ್ರೆ ದಿನಕ್ಕೆ ನೂರು ಹೆಡ್‌ಲೈನ್ ಬರೆಯೋ ಡೆಸ್ಕಲ್ಲಿ ಕೂತವ್ನಿಗೆ ತಿಂಗಳ ಕೊನೆಗೆ ಅದು ದೊಡ್ಡದೇ. ಫೇಸ್‌ಬುಕ್ಕಲ್ಲಂತೂ 2017ರಿಂದ ಒಂದಷ್ಟು ಕಾಲ ಕೋಪದ ಎಮೋಜಿಗೆ ಲೈಕಿನ ಐದು ಪಟ್ಟು ತೂಕ ಕೊಟ್ಟಿದ್ರು ಅಂತ 2021ರಲ್ಲಿ ಕಂಪನಿಯ ಒಳಗಿನ ಕಾಗದಗಳು ಹೊರಬಿದ್ದಾಗ ಗೊತ್ತಾಯ್ತು. ಕೋಪ ಬರಿಸೋ ಪೋಸ್ಟು ಮೇಲೆ ಬರತ್ತೆ ಅಂದ್ರೆ ಕೋಪ ಬರಿಸೋದನ್ನೇ ಬರೀತಾರೆ, ಇದಕ್ಕೆ ಯಾವ ಷಡ್ಯಂತ್ರನೂ ಬೇಕಾಗಿಲ್ಲ.

ಟಿವಿದು ಬೇರೆ ಕಥೆ ಅಲ್ಲ. ದೇಶದಲ್ಲಿ ಟಿವಿ ಇರೋ ಮನೆ 20 ಕೋಟಿ ದಾಟಿದೆ, ಟಿಆರ್‌ಪಿ ಲೆಕ್ಕಕ್ಕೆ ಬಾರ್ಕ್ ಸಂಸ್ಥೆ ಮೀಟರ್ ಕೂರಿಸಿರೋದು ಅರ್ಧ ಲಕ್ಷದ ಆಸುಪಾಸು ಮನೆಗಳಲ್ಲಿ. ನ್ಯೂಸ್ ಚಾನೆಲ್ ನೋಡೋರು ಅದ್ರಲ್ಲೂ ಕಡಿಮೆ, ಹಂಗಾಗಿ ಕೆಲವೇ ಮನೆ ಆ ಕಡೆ ಈ ಕಡೆ ಆದ್ರೂ ನಂಬರ್ ಅಲ್ಲಾಡತ್ತೆ. 2020ರ ಅಕ್ಟೋಬರಲ್ಲಿ ಟಿಆರ್‌ಪಿ ತಿದ್ದಿದ ಆರೋಪ ಬಂದು ಬಾರ್ಕ್ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗನ್ನೇ ನಿಲ್ಲಿಸಿತ್ತು, ಮತ್ತೆ ಶುರುವಾಗಿದ್ದು 2022ರ ಮಾರ್ಚಲ್ಲಿ. ಆ ನಡುವೆ ರೇಟಿಂಗ್ ಇಲ್ಲ ಅಂತ ಕೂಗಾಟವೇನೂ ಕಡಿಮೆ ಆಗ್ಲಿಲ್ಲ, ಅಭ್ಯಾಸ ಆಗಿಬಿಟ್ಟಿತ್ತು ಅನ್ಸತ್ತೆ.

ಇದನ್ನೆಲ್ಲ ಒಟ್ಟಿಗೆ ನಾವು ಕಣ್ಣಾರೆ ನೋಡಿದ್ದು ಶಿರೂರಲ್ಲಿ. 2024ರ ಜುಲೈ 16, ಅಂಕೋಲಾ ತಾಲೂಕಿನ ಶಿರೂರಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ರಸ್ತೆ ಬದಿ ಚಾ ಅಂಗಡಿ ಇಟ್ಕೊಂಡಿದ್ದ ಕುಟುಂಬ ಹೋಯ್ತು, ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು, ಆ ದಡದ ಉಳುವರೆಯಲ್ಲಿ ನೀರು ನುಗ್ಗಿ ಮನೆ ಹೋದ್ವು. ಕೇರಳದ ಒಬ್ಬ ಲಾರಿ ಡ್ರೈವರ್ ಲಾರಿ ಸಮೇತ ಕಾಣೆಯಾದ. ಒಂದೆರಡು ದಿನದಲ್ಲಿ ಮಲಯಾಳಂ ಚಾನೆಲ್‌ಗಳ ಓಬಿ ವ್ಯಾನು ಸಾಲಾಗಿ ಬಂದು ನಿಂತ್ವು, ಇಪ್ಪತ್ನಾಲ್ಕು ಗಂಟೆ ಲೈವು. ಆ ಒತ್ತಡದಿಂದ ಒಳ್ಳೇದೂ ಆಯ್ತು, ಹುಡುಕಾಟ ಕೈಬಿಡ್ಲಿಲ್ಲ, ನೌಕಾಪಡೆ ಬಂತು, ಸೇನೆ ಬಂತು, ಗೋವಾದಿಂದ ಡ್ರೆಜ್ಜರ್ ಬಂತು, ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ಕಿತು, ಒಳಗೆ ಆತನ ದೇಹನೂ ಸಿಕ್ಕಿತು. ಕ್ಯಾಮೆರಾಕ್ಕೆ ಆ ಶಕ್ತಿ ಇದೆ, ಇಲ್ಲ ಅನ್ನೋದು ತಪ್ಪಾಗತ್ತೆ.

ಆದ್ರೆ ಅದೇ ಮಣ್ಣಲ್ಲಿ ನಮ್ಮ ಊರಿನೋರೂ ಕಾಣೆಯಾಗಿದ್ರು, ಅವ್ರ ಮನೆಯೋರು ಅಲ್ಲೇ ಮಳೇಲಿ ನಿಂತಿದ್ರು, ಅವ್ರ ಹೆಸರು ಎಷ್ಟು ಜನಕ್ಕೆ ಗೊತ್ತು? ಗಮನ ಒಂದು ಮುಖದ ಮೇಲೆ ಕೂತ್ರೆ ಪಕ್ಕದ ಮುಖ ಕಾಣಲ್ಲ. ಇನ್ನೂ ಒಂದಿದೆ. ಆ ವಾರದಲ್ಲಿ ಕುಮಟಾದಿಂದ ಕಾರವಾರಕ್ಕೆ ಆಸ್ಪತ್ರೆಗೆ ಹೋಗ್ಬೇಕಾದವ್ನಿಗೆ ಬೇಕಾಗಿದ್ದ ಮಾಹಿತಿ ಮೂರೇ: ರಸ್ತೆ ತೆಗೆದಿದೆಯಾ, ಇಲ್ಲ ಅಂದ್ರೆ ಯಾವ ದಾರಿ, ಆ ದಾರಿಯಲ್ಲಿ ದೊಡ್ಡ ಗಾಡಿ ಬಿಡ್ತಾರಾ. ಲೈವ್ ನೋಡ್ತಾ ಕೂತ್ರೆ ಇದು ಸಿಗೋದು ಕಷ್ಟ, ಯಾಕಂದ್ರೆ ರಿಪೋರ್ಟರ್ ಹೇಳೋಕೆ ಹೊಸದೇನೂ ಇಲ್ಲದಿದ್ರೂ ಮಾತಾಡ್ತಾನೇ ಇರ್ಬೇಕು, ಮಾತು ನಿಂತ್ರೆ ನೋಡೋನು ಬೇರೆ ಚಾನೆಲ್ಲಿಗೆ ಹೋಗ್ತಾನೆ. ಪೊಲೀಸ್ ಇಲಾಖೆ ಪ್ರಕಟಣೆ, ಇಲ್ಲ ಕರಾವಳಿ ಮುಂಜಾವೋ ಲೋಕಧ್ವನಿಯೋ ಮರುದಿನದ ಜಿಲ್ಲಾ ಪೇಪರ್ ತೆಗೆದ್ರೆ ನಾಲ್ಕು ಸಾಲಲ್ಲಿ ಮುಗಿಯೋ ವಿಷಯ ಅದು. ಜಿಲ್ಲೆ ಅದರಿಂದ ಸುಧಾರಿಸ್ಕೊಳ್ಳೋ ಮುಂಚೆ ಆಗಸ್ಟ್ 7ರ ಮಧ್ಯರಾತ್ರಿ ಕಾಳಿ ನದಿ ಹಳೇ ಸೇತುವೆ ಬಿತ್ತು, ಮತ್ತೆ ಅದೇ ಕಥೆ.

ಇಡೀ ದಿನ ಇಂಥದ್ದು ನೋಡಿದ್ರೆ ತಲೆಗೆ ಏನಾಗತ್ತೆ ಅನ್ನೋದಕ್ಕೆ ಒಂದು ಅಧ್ಯಯನ ನಂಗೆ ಮರೆಯೋಕಾಗಲ್ಲ. 2013ರಲ್ಲಿ ಬಾಸ್ಟನ್ ಮ್ಯಾರಥಾನಲ್ಲಿ ಬಾಂಬ್ ಸಿಡೀತಲ್ಲ, ಆಮೇಲಿನ ವಾರಗಳಲ್ಲಿ ಸಾವಿರಾರು ಜನರನ್ನ ಕೇಳಿ ನೋಡಿದಾಗ, ಘಟನೆ ಜಾಗದಲ್ಲೇ ಇದ್ದೋರಿಗಿಂತ ದಿನಕ್ಕೆ ಆರು ಗಂಟೆಗೂ ಹೆಚ್ಚು ಅದ್ರ ಸುದ್ದಿ ನೋಡಿದೋರಲ್ಲಿ ಒತ್ತಡದ ಲಕ್ಷಣ ಜಾಸ್ತಿ ಕಂಡಿತ್ತು. ಮೊದಲೇ ಕಳವಳ ಇರೋರೇ ಜಾಸ್ತಿ ನೋಡ್ತಾರೋ, ಜಾಸ್ತಿ ನೋಡಿದ್ದಕ್ಕೇ ಕಳವಳ ಆಗತ್ತೋ ಅನ್ನೋ ವಾದ ಇದ್ದೇ ಇದೆ, ಎರಡೂ ಒಂದಕ್ಕೊಂದು ಹೊತ್ತಿಸ್ತಾವೆ ಅನ್ನೋದೇ ನಂಗೆ ಸರಿ ಅನ್ಸೋದು. ಶಿರೂರು ಆದ್ಮೇಲೆ ಘಟ್ಟದ ಬುಡದಲ್ಲಿ ಮನೆ ಇರೋ ಅಜ್ಜಿ ಟಿವಿ ಮುಂದಿಂದ ಏಳದೇ, ಸಣ್ಣ ಮಳೆಗೂ ಹಿತ್ತಲ ಧರೆ ಕಡೆ ಟಾರ್ಚು ಬಿಟ್ಟು ನೋಡ್ತಿದ್ರೆ ಅದನ್ನ ಹೆದರುಪುಕ್ಕಲುತನ ಅಂತ ನಗಬೇಡಿ.

ಸುಳ್ಳಿನ ವಿಷಯಕ್ಕೆ ಬರೋಣ. 2018ರಲ್ಲಿ ಎಂಐಟಿಯ ಮೂವರು ಸಂಶೋಧಕರು ಟ್ವಿಟರಲ್ಲಿ ಹನ್ನೊಂದು ವರ್ಷ ಓಡಾಡಿದ 1,26,000 ಸುದ್ದಿಗಳನ್ನ ತಗೊಂಡು ನೋಡಿದ್ರು. ಸುಳ್ಳು ಸುದ್ದಿ ಮುಂದೆ ಹೋಗೋ ಸಾಧ್ಯತೆ ನಿಜಕ್ಕಿಂತ ಶೇ 70 ಹೆಚ್ಚು, 1,500 ಜನರನ್ನ ಮುಟ್ಟೋಕೆ ನಿಜಕ್ಕೆ ಸುಳ್ಳಿನ ಆರು ಪಟ್ಟು ಹೊತ್ತು ಬೇಕು. ಇದನ್ನ ಮಾಡೋದು ರೋಬೋಟುಗಳಿರ್ಬೇಕು ಅಂದ್ಕೊಂಡಿದ್ರೆ, ಅಲ್ಲ, ಮನುಷ್ಯರೇ, ಯಾಕಂದ್ರೆ ಸುಳ್ಳು ಯಾವಾಗ್ಲೂ ಹೊಸದಾಗಿ ಕಾಣತ್ತೆ, ಹೊಸದನ್ನ ಮೊದಲು ಹೇಳೋದ್ರಲ್ಲಿ ಒಂಥರಾ ಗತ್ತಿರತ್ತೆ.

ಆರು ಪಟ್ಟು ಹೊತ್ತು ಅನ್ನೋದು ನಮ್ಮ ಜಿಲ್ಲೇಲಿ ವರ್ಷಗಳೇ ಆಗಿದ್ದಿದೆ. 2017ರ ಡಿಸೆಂಬರಲ್ಲಿ ಹೊನ್ನಾವರದಲ್ಲಿ ಗಲಾಟೆ ನಡೆದ ಹೊತ್ತಲ್ಲಿ ಕಾಣೆಯಾದ ಯುವಕನೊಬ್ಬನ ದೇಹ ಕೆರೆಯಲ್ಲಿ ಸಿಕ್ಕಿತು, ದೇಹಕ್ಕೆ ಹಂಗೆ ಮಾಡಿದಾರೆ ಹಿಂಗೆ ಮಾಡಿದಾರೆ ಅಂತ ವಾಟ್ಸಾಪಲ್ಲಿ ಹರಡಿತು, ವಿಧಿವಿಜ್ಞಾನ ತಜ್ಞರು ಅಂಥ ಗಾಯ ಇಲ್ಲ ಅಂತ ಪಾಯಿಂಟ್ ಪಾಯಿಂಟಾಗಿ ಉತ್ತರ ಕೊಟ್ಟಿದ್ದನ್ನ ಪೊಲೀಸರು ಹೊರಗೆ ಬಿಟ್ರೂ ಕೇಳೋರಿಲ್ಲ, ಕುಮಟಾ ಹೊತ್ತಿತು, ಹಿರಿಯ ಪೊಲೀಸ್ ಅಧಿಕಾರಿಯ ಕಾರಿಗೇ ಬೆಂಕಿ ಬಿತ್ತು, ಶಿರಸಿಲಿ ಕಲ್ಲು ತೂರಾಟ ಆಯ್ತು, ಪೇಟೆ ಬಂದಾಯ್ತು. ತನಿಖೆ ಸಿಬಿಐಗೆ ಹೋಯ್ತು. 2022ರಲ್ಲಿ ಸಿಬಿಐ ಕೋರ್ಟಿಗೆ ಕೊಟ್ಟ ವರದಿಯಲ್ಲಿ ಇದು ಕೊಲೆ ಅಲ್ಲ, ಆಕಸ್ಮಿಕ ಸಾವು ಅಂತ ಹೇಳ್ತು. ಒಂದು ಮನೆ ಮಗನ್ನ ಕಳ್ಕೊಂಡಿದ್ದು ನಿಜ, ಆ ದುಃಖಕ್ಕೆ ಯಾವ ವರದಿನೂ ಉತ್ತರ ಅಲ್ಲ. ನಾನು ಕೇಳೋದು ಬೇರೆ: ಮೊದಲ ಫಾರ್ವರ್ಡ್ ಕಳಿಸಿದ ಕೈಗಳಲ್ಲಿ ಎಷ್ಟು ಕೈ ಐದು ವರ್ಷದ ನಂತರದ ಆ ವರದಿನೂ ಅಷ್ಟೇ ಗ್ರೂಪಿಗೆ ಕಳಿಸ್ತು?

ವಾಟ್ಸಾಪಿನೋರಿಗೂ ಬಿಸಿ ಮುಟ್ಟಿತ್ತು. 2018ರ ಜುಲೈಯಲ್ಲಿ ಭಾರತದಲ್ಲಿ ಒಂದ್ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ತಂದ್ರು, 2020ರ ಏಪ್ರಿಲಲ್ಲಿ ತುಂಬಾ ಸಲ ಫಾರ್ವರ್ಡ್ ಆಗಿರೋದನ್ನ ಒಂದೇ ಚಾಟಿಗೆ ಅಂತ ಬಿಗಿ ಮಾಡಿದ್ರು, ಆಮೇಲೆ ಆ ತರದ ಮೆಸೇಜು ಶೇ 70 ಇಳೀತು ಅಂತ ಕಂಪನಿನೇ ಹೇಳ್ಕೊಳ್ತು. ನೋಡಿ, ಯಾರಿಗೂ ಬುದ್ಧಿ ಹೇಳಿಲ್ಲ, ಒಂದು ಸಣ್ಣ ತಡೆ ಇಟ್ರು ಅಷ್ಟೇ. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡ್ರೆ ಅದು ತುಂಬಾ ಕೈ ದಾಟಿ ಬಂದಿದ್ದು ಅಂತ ಅರ್ಥ, ಬರೆದೋರು ಯಾರು ಅಂತ ಕಳಿಸಿದ ನಿಮ್ಮ ಭಾವನಿಗೂ ಗೊತ್ತಿರಲ್ಲ.

ಹಂಗಾದ್ರೆ ಸುದ್ದಿನೇ ಬೇಡ ಅಂತ ಬಿಟ್ಟುಬಿಡೋಣ್ವಾ? ಬಿಟ್ಟೋರು ಬಹಳ ಜನ ಇದಾರೆ. ರಾಯಿಟರ್ಸ್ ಇನ್ಸ್‌ಟಿಟ್ಯೂಟ್ ಪ್ರತಿ ವರ್ಷ ಹಲವು ದೇಶಗಳಲ್ಲಿ ಮಾಡೋ ಸಮೀಕ್ಷೆಯಲ್ಲಿ ಆಗಾಗ ಅಥವಾ ಯಾವಾಗ್ಲಾದ್ರೂ ಸುದ್ದಿಯಿಂದ ತಪ್ಪಿಸ್ಕೊಳ್ತೀವಿ ಅಂದೋರು 2017ರಲ್ಲಿ ಶೇ 29 ಇದ್ರು, 2024ಕ್ಕೆ ಶೇ 39 ಆದ್ರು. ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿ ಕೂತೋರು ಹಂಗೆ ಬಿಡಬಹುದೇನೋ. ನಮ್ಮಲ್ಲಿ ಮಳೆಗಾಲದಲ್ಲಿ ದೇವಿಮನೆ ಘಟ್ಟದ ದಾರಿ ಮುಚ್ಚಿದೆಯಾ ಅಂತ ಗೊತ್ತಿಲ್ಲದೇ ಶಿರಸಿಯಿಂದ ಕುಮಟಾಕ್ಕೆ ಹೊರಟ್ರೆ ರಾತ್ರಿ ಕಾಡಲ್ಲಿ ಕಳೀಬೇಕಾಗತ್ತೆ. ಸುದ್ದಿ ಬೇಕು, ಯಾವಾಗ ಎಷ್ಟು ಅನ್ನೋದು ನಮ್ಮ ಕೈಲಿರ್ಬೇಕು.

ನಂಗೆ ಸರಿ ಕಂಡಿದ್ದು ಇಷ್ಟು. ಮೊದಲು ನ್ಯೂಸ್ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ, ಒಂದೂ ಬಿಡದ ಹಂಗೆ. ಹಂಗೆ ಮಾಡಿದ್ರೆ ಅರ್ಜೆಂಟ್ ಸುದ್ದಿ ತಪ್ಪಿಹೋಗತ್ತೆ ಅನ್ನೋ ಭಯ ಎಲ್ರಿಗೂ ಇರತ್ತೆ. ನಿಜವಾಗ್ಲೂ ಅರ್ಜೆಂಟಾಗಿದ್ದು ತಪ್ಪಲ್ಲ ಮಾರಾಯ್ರೆ, ಪಕ್ಕದ ಮನೆಯೋರು ಫೋನ್ ಮಾಡ್ತಾರೆ, ಪಂಚಾಯ್ತಿಯೋರು ಮೈಕ್ ಹಿಡ್ಕೊಂಡು ಬರ್ತಾರೆ. ಆಂಡ್ರಾಯ್ಡ್ ಫೋನಿನ ಹೋಮ್ ಸ್ಕ್ರೀನ್ ಬಲಕ್ಕೆ ಸರಿಸಿದ್ರೆ ಒಂದು ಸುದ್ದಿ ಪಟ್ಟಿ ಬರತ್ತಲ್ಲ, ಗೂಗಲ್ ಡಿಸ್ಕವರು, ಅದನ್ನೂ ಸೆಟ್ಟಿಂಗ್ಸಲ್ಲಿ ಆಫ್ ಮಾಡ್ಬಹುದು. ನೀವು ಯಾವುದನ್ನ ಒತ್ತೀರಿ ಅಂತ ಊಹೆ ಮಾಡಿ ಕೊಡೋ ಪಟ್ಟಿ ಅದು, ಒಂದ್ಸಲ ಸಿನಿಮಾ ನಟಿ ಡಿವೋರ್ಸು ಒತ್ತಿದ್ರೆ ವಾರ ಇಡೀ ಡಿವೋರ್ಸೇ. ಬೇರೆ ಯಾರ ಕೈಗೂ ಮೊಬೈಲ್ ಕೊಡೋಕೆ ಮರ್ಯಾದೆ ಇಲ್ಲದ ಹಂಗಾಗತ್ತೆ.

ಆಮೇಲೆ ಹೊತ್ತು ಗೊತ್ತು ಮಾಡ್ಕೊಳ್ಳಿ. ಬೆಳಿಗ್ಗೆ ಚಾ ಕುಡಿಯೋವಾಗ ಒಂದ್ಸಲ, ಸಾಯಂಕಾಲ ಕೈಕಾಲು ತೊಳ್ಕೊಂಡು ಒಂದ್ಸಲ, ಮಲಗೋ ಮುಂಚೆ ಬೇಡ. ಆದಷ್ಟು ಓದೋ ಸುದ್ದಿ, ನೋಡೋ ಸುದ್ದಿ ಅಲ್ಲ. ಓದುವಾಗ ಕಣ್ಣು ಬೇಡದ್ದನ್ನ ಹಾರಿಸ್ಕೊಂಡು ಹೋಗತ್ತೆ, ವಿಡಿಯೋದಲ್ಲಿ ಅವ್ರು ಎಳೆದಷ್ಟು ಹೊತ್ತು ನಾವು ಕೂರ್ಬೇಕು. ದೊಡ್ಡ ಘಟನೆ ಆದ ದಿನ ಮೊದಲ ಕೆಲವು ಗಂಟೆ ಬರೋದ್ರಲ್ಲಿ ಅರ್ಧಕ್ಕರ್ಧ ಆಮೇಲೆ ಬದಲಾಗತ್ತೆ, ಸತ್ತೋರ ಲೆಕ್ಕ, ಕಾರಣ, ಹೆಸರು ಎಲ್ಲಾ. ಮರುದಿನದ ಪೇಪರಲ್ಲಿ ಸೋಸಿ ಬಂದಿದ್ದನ್ನ ಓದಿದ್ರೆ ನಿಮಗೆ ಏನೂ ನಷ್ಟ ಇಲ್ಲ, ನೀವೇನೂ ಎನ್‌ಡಿಆರ್‌ಎಫ್‌ನೋರಲ್ವಲ್ಲ.

ಮಳೆ ಸುದ್ದಿಗೆ ಮಾತ್ರ ಬೇರೆ ನಿಯಮ, ಅದು ಹೊತ್ತಿಗೆ ಸರಿಯಾಗಿ ಬೇಕು, ಆದ್ರೆ ಮೂಲದಿಂದಲೇ ಬೇಕು. 'ರೆಡ್ ಅಲರ್ಟ್, ಕರಾವಳಿ ಮುಳುಗಡೆ' ಅಂತ ಹಾಕಿ ಹಿಂದೆ ಯಾವುದೋ ಹಿಮಾಲಯದ ನದಿ ವಿಡಿಯೋ ಓಡಿಸೋದನ್ನ ನೋಡಿರ್ತೀರಿ. ಹವಾಮಾನ ಇಲಾಖೆ ಲೆಕ್ಕ ಸರಳ ಇದೆ, 24 ಗಂಟೇಲಿ 64.5ರಿಂದ 115.5 ಮಿಲಿಮೀಟರ್ ಅಂದ್ರೆ ಭಾರಿ ಮಳೆ, 204.4ರ ತನಕ ಅತಿ ಭಾರಿ, ಅದಕ್ಕೂ ಮೇಲೆ ಹೋದ್ರೆ ಅತ್ಯಂತ ಭಾರಿ, ಹಳದಿ, ಕಿತ್ತಳೆ, ಕೆಂಪು ಬಣ್ಣ ಹೆಚ್ಚುಕಡಿಮೆ ಇದ್ರ ಮೇಲೇ ನಿಲ್ಲತ್ತೆ. ಇಲ್ಲಿ ಹುಟ್ಟಿ ಬೆಳೆದೋರಿಗೆ 70 ಮಿಲಿಮೀಟರ್ ಅಂದ್ರೆ ಜುಲೈಯ ಸಾಮಾನ್ಯ ದಿನ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದೋರು ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದಾರೆ, ಅವ್ರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದ್ರೆ ನಿಮ್ಮ ಭಾಗದ್ದೇ ಮಳೆ ಮುನ್ಸೂಚನೆ ಹೇಳ್ತಾರೆ.

ಅನುಮಾನ ಬಂದ ಸುದ್ದಿನ ಪರೀಕ್ಷೆ ಮಾಡೋಕೆ ಅದನ್ನೇ ದಿಟ್ಟಿಸ್ತಾ ಕೂರಬೇಡಿ. ಫ್ಯಾಕ್ಟ್ ಚೆಕ್ ಮಾಡೋರು ಏನ್ಮಾಡ್ತಾರೆ ಅಂದ್ರೆ, ಆ ಪುಟ ಬಿಟ್ಟು ತಕ್ಷಣ ಹೊರಗೆ ಬರ್ತಾರೆ, ಇದೇ ವಿಷಯ ಬೇರೆ ಯಾರು ಬರೆದಿದಾರೆ, ಮೊದಲು ಎಲ್ಲಿ ಬಂತು, ಆ ಸೈಟು ಯಾರದ್ದು ಅಂತ ಪಕ್ಕದಿಂದ ನೋಡ್ತಾರೆ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ತಂಡ ಇತಿಹಾಸದ ಪ್ರೊಫೆಸರ್‌ಗಳನ್ನೂ ಫ್ಯಾಕ್ಟ್ ಚೆಕರ್‌ಗಳನ್ನೂ ಒಟ್ಟಿಗೆ ಕೂರಿಸಿ ನೋಡಿದಾಗ ಪಂಡಿತರು ಪುಟದ ಚಂದಕ್ಕೆ, ಲೋಗೋಕ್ಕೆ ಮರುಳಾಗಿ ತಡಕಾಡಿದ್ರು, ಹೊರಗೆ ಬಂದು ನೋಡಿದೋರು ಬೇಗ ಹಿಡಿದ್ರು. ಹಂಗಾಗಿ ನಾನು ಓದಿದವ್ನು, ನಂಗೆ ಗೊತ್ತಾಗತ್ತೆ ಅನ್ನೋ ಧೈರ್ಯ ಬೇಡ.

ಮನೇಲಿ ದೊಡ್ಡೋರು ಸುಳ್ಳು ಫಾರ್ವರ್ಡ್ ಹಾಕಿದಾಗ ಏನ್ಮಾಡೋದು ಅಂತ ಬಹಳ ಜನ ಕೇಳ್ತಾರೆ. ಗ್ರೂಪಲ್ಲೇ 'ಇದು ಫೇಕ್' ಅಂತ ಹಾಕಿದ್ರೆ ಮುಂದಿನ ತಿಥಿ ಊಟಕ್ಕೆ ಹೋದಾಗ ದೊಡ್ಡಪ್ಪ ಮುಖ ತಿರುಗಿಸ್ಕೊಳ್ತಾರೆ, ಫಾರ್ವರ್ಡೂ ನಿಲ್ಲಲ್ಲ. ಬೇರೆಯಾಗಿ ಫೋನ್ ಮಾಡಿ 'ದೊಡ್ಡಪ್ಪ, ಇದು ಎಲ್ಲಿಂದ ಬಂತು, ನಂಗೊಂಚೂರು ಡೌಟು' ಅಂತ ಕೇಳಿದ್ರೆ ಅವ್ರೇ ಅಳಿಸ್ತಾರೆ, ಎಲ್ಲಾ ಸಲ ಅಲ್ಲ, ಆದ್ರೆ ಅಳಿಸ್ತಾರೆ.

ಇಷ್ಟೆಲ್ಲ ಮಾಡಿ ಉಳಿದ ಹೊತ್ತನ್ನ ಎಲ್ಲಿ ಹಾಕ್ಬೇಕು ಅನ್ನೋದೇ ನಂಗೆ ನಿಜವಾಗಿ ಹೇಳ್ಬೇಕಾಗಿದ್ದ ವಿಷಯ. ನಮ್ಮ ಬದುಕು ಬದಲಾಯಿಸೋ ಸುದ್ದಿ ಕೂಗ್ತಾ ಬರಲ್ಲ. ಮಂಗನ ಕಾಯಿಲೆ ತಗೊಳ್ಳಿ, ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಗೊತ್ತಾಗಿದ್ದು, 2024ರಲ್ಲಿ ಸಿದ್ದಾಪುರ ತಾಲೂಕಲ್ಲಿ ಕೇಸು ಏರಿದಾಗ ರಾಜ್ಯದ ಚಾನೆಲ್‌ಗಳಲ್ಲಿ ಒಂದೆರಡು ದಿನ ಬಂದು ಮಾಯ ಆಯ್ತು. ಆದ್ರೆ ಬೆಟ್ಟಕ್ಕೆ ದರಕು (ತರಗೆಲೆ) ತರೋಕೆ ಹೋಗೋಳಿಗೆ ಬೇಕಾಗಿದ್ದು ಯಾವ ಊರಲ್ಲಿ ಮಂಗ ಸತ್ತಿದೆ, ಉಣುಗು ಕಚ್ಚದ ಹಂಗೆ ಹಚ್ಕೊಳ್ಳೋ ಡೆಪಾ ಎಣ್ಣೆ ಆಸ್ಪತ್ರೇಲಿ ಬಂದಿದೆಯಾ, ಜ್ವರ ಬಂದ್ರೆ ರಕ್ತ ಎಲ್ಲಿ ಕೊಡ್ಬೇಕು. ಇದು ಬರೋದು ಆಶಾ ಕಾರ್ಯಕರ್ತೆ ಬಾಯಲ್ಲಿ, ಇಲ್ಲ ಜಿಲ್ಲಾ ಪೇಪರಿನ ಒಳಪುಟದಲ್ಲಿ. ಆ ಪೇಪರಿಗೆ ದುಡ್ಡು ಕೊಟ್ಟು ತಗೊಳ್ಳೋರು ಇಲ್ಲದಿದ್ರೆ ಅದೂ ನಾಳೆ ಶಾಕಿಂಗ್ ಟೈಟಲ್ಲಿಗೆ ಇಳಿಯತ್ತೆ, ಬೆಂಜಮಿನ್ ಡೇ ಲೆಕ್ಕ ಎಲ್ರಿಗೂ ಒಂದೇ.

ಇನ್ನೊಂದು, ಬಂದರು, ಗಣಿ, ದೊಡ್ಡ ವಿದ್ಯುತ್ ಯೋಜನೆ ಇಂಥದ್ದಕ್ಕೆ ಪರಿಸರ ಅನುಮತಿ ಕೊಡೋ ಮುಂಚೆ 2006ರ ಅಧಿಸೂಚನೆ ಪ್ರಕಾರ ಬಹುಪಾಲು ದೊಡ್ಡ ಯೋಜನೆಗಳಿಗೆ ಜನರ ಅಹವಾಲು ಸಭೆ ಆಗ್ಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚೆ ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆ ಪತ್ರಿಕೆಯಲ್ಲಿ ನೋಟಿಸ್ ಹಾಕತ್ತೆ. ಟೆಂಡರ್ ಜಾಹೀರಾತು, ಹೆಸರು ಬದಲಾವಣೆ ಅಫಿಡವಿಟ್ ನಡುವೆ ಸಣ್ಣಕ್ಷರದ ಒಂದು ಚೌಕ. ಅದಕ್ಕೆ ಥಂಬ್‌ನೇಲ್ ಇಲ್ಲ, ಕೆಂಪು ಬಾಣ ಇಲ್ಲ, ಯಾವ ಫೀಡೂ ಅದನ್ನ ಮೇಲೆ ತರಲ್ಲ. ಹೊನ್ನಾವರದ ಕಾಸರಕೋಡಿನ ಮೀನುಗಾರರನ್ನೋ ಅಂಕೋಲಾದ ಕೇಣಿಯೋರನ್ನೋ ಕೇಳಿ, ಬಂದರಿನ ಸುದ್ದಿ ಕ್ಯಾಮೆರಾಕ್ಕೆ ಕಾಣೋದು ಪ್ರತಿಭಟನೆ, ಪೊಲೀಸ್ ಅಂತ ಆದ್ಮೇಲೆ. ಯೋಜನೆಯ ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದೋಕೆ ಇಟ್ಟಿರ್ತಾರೆ, ಅದ್ರ ಸಾರಾಂಶ ಕನ್ನಡದಲ್ಲೂ ಇರ್ಬೇಕು ಅಂತ ನಿಯಮ ಇದೆ. ಸಭೆಗೆ ಹೋಗೋಕಾಗದಿದ್ರೆ ಆಕ್ಷೇಪಣೆ ಬರೆದೂ ಕಳಿಸ್ಬಹುದು, ಆ 30 ದಿನದ ಒಳಗೆ ಕಳಿಸಿ.